ಮಹಡಿ ರೂಮಿನ ಇದ್ರೀಸಪ್ಪ

ಚನ್ನರಾಯಪಟ್ಟಣದ ಎಣ್ಣೆ ಮಿಲ್ಲಿನ ಮುಂದೆ ಹಾದಾಗಲೆಲ್ಲ ಕಡಲೆಕಾಯಿ ಹಿಂಡಿಯ ವಾಸನೆ ನನ್ನನ್ನು ಹಾಸನದ ಹಳೆಯ ಮನೆಗೆ ಎಳೆದೊಯ್ಯುತ್ತದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ನಮ್ಮದು ಈಗಿಲ್ಲ, ಅಲ್ಲೊಂದು ಕಾಂಪ್ಲೆಕ್ಸ್ ಎದ್ದಿದೆ. ಹಿತ್ತಲಲ್ಲಿ ಹಸುವಿತ್ತು. ಬೆಳಗ್ಗೆ ಎದ್ದವಳೇ ಅಮ್ಮ ಬಕೆಟ್ಟಿನಲ್ಲಿ ನೆನೆದ ಹಿಂಡಿಯನ್ನು ಕಿವುಚಿ ಅದಕ್ಕಿಡುತ್ತಿದ್ದಳು. ಆ ಎಣ್ಣೆಯ ಘಮಲು ಮಧ್ಯಾಹ್ನವಾದರೂ ಅವಳ ಸೆರಗು ಬಿಡುತ್ತಿರಲಿಲ್ಲ. ಮಹಡಿಯ ರೂಮಿನಲ್ಲಿ ಇದ್ರಿಸ್ ಬಾಡಿಗೆಗಿದ್ದ. ಸುಡಾನಿನಿಂದ ಫಾರ್ಮಸಿ ಓದಲು ಬಂದಿದ್ದವನಿಗೆ ನಮ್ಮ ಬೀದಿಯಲ್ಲಿ ಯಾರೂ ಮನೆ ಕೊಟ್ಟಿರಲಿಲ್ಲ. ಅಪ್ಪನೂ ಹಿಂದುಮುಂದು ನೋಡಿದಾಗ ಅಮ್ಮ, "ಯಾವ ತಾಯಿ ಮಗನೋ, ಬೀದೀಲಿರಕ್ಕಾಯ್ತದಾ? ಇರ್ಲಿ ಬುಡಿ" ಎಂದಿದ್ದಳು. ಅವನ ಹೆಸರಿಗೆ ಬಾಲ ಅಂಟಿಸಿ ಇದ್ರೀಸಪ್ಪ ಮಾಡಿದವಳೂ ಅವಳೇ. ಒಮ್ಮೆ ಅವನು ಬಕೆಟ್ಟಿಗೆ ಬಗ್ಗಿ ಮೂಸಿ, "ಅಮ್ಮ, ನಮ್ಮೂರಲ್ಲೂ ಇದೇ! ಆಡಿಗೆ ಹಾಕ್ತೀವಿ" ಎಂದು ಹಿಗ್ಗಿದ್ದ. ಮೆಟ್ಟಿಲಿಳಿದು ಬಂದಾಗಲೆಲ್ಲ ಅಮ್ಮ "ಊಟ ಆಯ್ತೇನಪ್ಪಾ?" ಎನ್ನುವಳು. "ಆಯ್ತಮ್ಮ. ನಿಮ್ದು?" ಎನ್ನುವುದೇ ಅವನು ಕಲಿತ ಮೊದಲ ಕನ್ನಡ. ಊಟ ಆಗದಿದ್ದರೂ ಹಾಗೇ ಅನ್ನುತ್ತಿದ್ದ. ನಾವೆಲ್ಲ ಅನ್ನುವುದಿಲ್ಲವೇ?

ಅವನ ಊರು ಎಲ್ ಫಾಶರ್. ಅಲ್ಲಿಗೆ ಮರಳಿದ ಮೇಲೂ ಅವನು ಅಮ್ಮನನ್ನು ಮರೆಯಲಿಲ್ಲ. ಅಂತರ್ಯುದ್ಧದಲ್ಲಿ ಆ ಊರಿಗೆ ಸುತ್ತಲಿಂದ ಮುತ್ತಿಗೆ ಬಿತ್ತು, ವರ್ಷ ಕಳೆದರೂ ತೆರವಾಗಲಿಲ್ಲ. ಹೆಂಡತಿ, ಪುಟ್ಟ ಮಗಳೊಂದಿಗೆ ಒಳಗೇ ಸಿಕ್ಕಿಕೊಂಡ ಇದ್ರಿಸ್ ನೆಟ್ ಸಿಕ್ಕಾಗ ಫೋನ್ ಮಾಡುತ್ತಿದ್ದ. ಅಮ್ಮನ ಬಾಯಿಂದ ಅಭ್ಯಾಸದಂತೆ ಮೊದಲು ಅದೇ ಮಾತು ಬರುತ್ತಿತ್ತು. ಅವನದೂ ಅದೇ ಉತ್ತರ. "ಏನೋ ಒಂದು ಬೇಯಿಸ್ಕೋತಾವ್ರೆ ಬುಡು, ಸದ್ಯ" ಎಂದು ಅವಳು ನನಗೆ ಹೇಳಿ ಸಮಾಧಾನಪಡುತ್ತಿದ್ದಳು. ಆ ಊರಿನ ಜನ ಹಿಂಡಿ ತಿಂದು ಬದುಕುತ್ತಿದ್ದಾರೆಂದು ನಾನು ಸುದ್ದಿಯಲ್ಲಿ ಓದಿದೆ. ಅಮ್ಮನಿಗೆ ಹೇಳುವ ಧೈರ್ಯವಾಗಲಿಲ್ಲ. ಆಮೇಲೆ ಹಿಂಡಿಯೂ ಮುಗಿಯಿತಂತೆ.

ಕೊನೆಯ ಸಲ ಫೋನು ಬಂದಾಗಲೂ ಅಮ್ಮ ಕೇಳಿದಳು. ಅವನು, "ಅಮ್ಮ, ಇನ್ಮೇಲೆ ಅದೊಂದು ಕೇಳ್ಬೇಡಿ" ಎಂದ. "ಪಕ್ಕದಲ್ಲಿ ಮಗಳು ಕೂತಿದಾಳೆ. ಅಜ್ಜಿ ಏನಂದ್ರು ಅಂತ ಕೇಳ್ತಾಳೆ. ನಂಗೆ ಹೇಳೋಕಾಗಲ್ಲ."

ಊರು ಮುತ್ತಿಗೆ ಹಾಕಿದವರ ಕೈವಶವಾದ ಮೇಲೆ ಅವನ ಫೋನು ಹತ್ತಿಲ್ಲ. ಇದ್ದಾರೋ ಇಲ್ಲವೋ, ತಿಳಿಯದು. ಸುದ್ದಿ ಹುಡುಕಿ ಹುಡುಕಿ ನನಗೂ ಸಾಕಾಗಿದೆ. ಅಮ್ಮ ಈಗ ಯಾರನ್ನೂ ಊಟ ಆಯ್ತಾ ಎಂದು ಕೇಳುವುದಿಲ್ಲ. ಮನೆಗೆ ಬಂದವರ ಮುಂದೆ ತಟ್ಟೆ ಇಟ್ಟು ಬಡಿಸಿಬಿಡುತ್ತಾಳೆ.