ಎದುರುಮನೆ ಅಕ್ಕನಿಗೆ ಓದಿ ಹೇಳಬೇಕಿದ್ದ ಪುಸ್ತಕ

ನನ್ನ ಮೊಮ್ಮಗಳು ಡಾಕ್ಟರ್ ಆದಳು ಕಣ್ರೀ. ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ಯೂನಿವರ್ಸಿಟಿ ಡಾಕ್ಟರ್. ಪೇಪರು, ರೇಡಿಯೋ, ಟೀವಿ ಇವೆಲ್ಲ ಜನರ ಬದುಕನ್ನ ಹೇಗೆ ಬದಲಾಯಿಸ್ತವೆ ಅಂತ ವರ್ಷಗಟ್ಟಲೆ ಕೂತು ಬರೆದಿದ್ದಾಳೆ. ಹಲಸೂರಿನ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ.

ಆ ದಪ್ಪ ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟಳು. ಇಂಗ್ಲಿಷು, ನನಗೆ ಒಂದಕ್ಷರ ಬರಲ್ಲ. ಸುಮ್ಮನೆ ಮೂಗಿಗೆ ಹಿಡಿದೆ. ಅಚ್ಚಿನ ಮಸಿಯ ವಾಸನೆ... ಎದುರುಮನೆ ಅಕ್ಕ ಬಂದು ಪಕ್ಕದಲ್ಲಿ ಕೂತ ಹಾಗಾಯ್ತು.

ನನ್ನ ಮಗಳು ಚಿಕ್ಕವಳಿದ್ದಾಗ ನಮ್ಮ ವಠಾರದ ಹೆಂಗಸರಲ್ಲಿ ಓದು ಬರುತ್ತಿದ್ದದ್ದು ಅಕ್ಕನೊಬ್ಬಳಿಗೇ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಎಲ್ಲರೂ ಅವಳ ಜಗಲಿಗೆ ಹೋಗುತ್ತಿದ್ದೆವು. ನಾವು ಅವಳ ಮನೆಯ ಸೊಪ್ಪು ಸೋಸಬೇಕು, ಅವರೆಕಾಯಿ ಬಿಡಿಸಬೇಕು. ಅವಳು ನಮಗೆ ಪೇಪರ್ ಓದಬೇಕು. ಅದು ಕರಾರು. ಕನ್ನಡದಲ್ಲಿ ಓದಿ, ನಮ್ಮಲ್ಲಿದ್ದ ತಮಿಳು ಹೆಂಗಸರಿಗೆ ತಮಿಳಿನಲ್ಲಿ ಇನ್ನೊಮ್ಮೆ ಹೇಳುವಳು. ಒಂದೊಂದು ಸುದ್ದಿ ಮುಗಿದಾಗಲೂ ಪೇಪರ್ ಮಡಚಿ, "ಸರಿ, ಇದರಿಂದ ನಮ್ಮ ಬೀದಿಗೇನು?" ಅಂತ ಕೇಳುವಳು. ಉತ್ತರ ಬರದೆ ಮುಂದಿನ ಸುದ್ದಿ ಇಲ್ಲ.

ಒಂದು ದಿನ ಹೆಣ್ಣುಮಕ್ಕಳ ಓದಿನ ಸುದ್ದಿ ಬಂತು. ಪೇಪರ್ ಮಡಚಿ ನನ್ನ ಕಡೆ ತಿರುಗಿದಳು. "ನೀನು ಹೇಳು. ಮಗಳನ್ನ ಸ್ಕೂಲ್ ಬಿಡಿಸ್ತೀಯಂತಲ್ಲ?"

ನಾನು ತಲೆ ತಗ್ಗಿಸಿ ಅವರೆಕಾಯಿ ಬಿಡಿಸತೊಡಗಿದೆ. ಮುಂದಿನದು ಸಿನಿಮಾ ಪುಟ. ಪಕ್ಕದವಳು ನನ್ನ ತಿವಿದಳು. "ಬೇಗ ಹೇಳ್ಬಿಡೇ ತಾಯಿ, ಹೀರೋ ಮದುವೆ ಅಲ್ಲೇ ನಿಂತೋಗಿದೆ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಕಾದಳು. "ಇಲ್ಲಕ್ಕಾ, ಬಿಡಿಸಲ್ಲ" ಅಂದೆ. ಆ ಮಗಳ ಮಗಳೇ ಈ ಡಾಕ್ಟರು.

ಮೊಮ್ಮಗಳು ಬರೆದದ್ದೂ ಆ ಜಗಲಿಯ ಬಗ್ಗೆಯೇ. ಅಕ್ಕನ ಮಾತು ರೆಕಾರ್ಡ್ ಮಾಡೋಕೆ ಅವಳು ಮೈಕ್ ಹಿಡಿದು ಹೋಗುವ ಹೊತ್ತಿಗೆ ಅಕ್ಕನ ಕಣ್ಣು ಪೂರ್ತಿ ಹೋಗಿತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಒಂದೇ ಒಂದು ಕರಾರು ಹಾಕಿ. "ಬರೆದದ್ದನ್ನ ನನಗೆ ಓದಿ ಹೇಳ್ಬೇಕು ಮಗಳೇ, ನಮ್ಮ ಮಾತಲ್ಲಿ. ಅವರೆ ನಾನು ಬಿಡಿಸ್ತೀನಿ."

"ಪೂರ್ತಿ ಮುಗೀಲಿ ದೊಡ್ಡಜ್ಜಿ, ಅರ್ಧಂಬರ್ಧ ಬೇಡ" ಅಂದಿದ್ದಳು ಹುಡುಗಿ. ಅವಳ ಯೂನಿವರ್ಸಿಟಿ ಮೇಷ್ಟರು ತಿದ್ದಿ ಅಂದರು, ತಿದ್ದಿದಳು. ಮತ್ತೆ ತಿದ್ದಿ ಅಂದರು... ನನ್ನ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಅಕ್ಕ, "ಮುಗೀತೇನೇ?" ಅನ್ನುತ್ತಿದ್ದಳು. ಹೋದ ಆಷಾಢದಲ್ಲಿ ಅವಳೇ ಹೊರಟುಹೋದಳು.

ಪುಸ್ತಕ ಬಂದ ದಿನ ಸಂಜೆ ಬಾಣಸವಾಡಿಯಿಂದ ಮಗಳು, ಅಳಿಯ ಬಂದರು. ಎಲ್ಲ ಒಟ್ಟಿಗೆ ನೆಲದ ಮೇಲೆ ಊಟಕ್ಕೆ ಕೂತೆವು. ಮೊಮ್ಮಗಳು ಎಡಗೈಯಲ್ಲಿ ಪುಸ್ತಕ ತೆರೆದು, ಅಕ್ಕನ ಮಾತಿರುವ ಪುಟವನ್ನ ಕನ್ನಡ ಮಾಡಿ ಹೇಳಿದಳು. ಅರ್ಥವೆಲ್ಲ ಸರಿಯಿತ್ತು. ಅಕ್ಕನ ದನಿ ಮಾತ್ರ ಇರಲಿಲ್ಲ. "ಅವಳು ಹಂಗಲ್ಲ ಕಣೇ ಹೇಳ್ತಿದ್ದದ್ದು..." ಅಂದೆ.

ಮಗಳು ನನ್ನ ತಟ್ಟೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. "ತಿನ್ನಮ್ಮ" ಅಂದಳು. ಅವಳ ಕಣ್ಣೂ ತುಂಬಿತ್ತು. ಮೊಮ್ಮಗಳು ಪುಸ್ತಕ ಮಡಚಿಟ್ಟಳು, ಎಲ್ಲರೂ ಉಂಡೆವು.