ಕಾರಿನಿಂದ ನನ್ನನ್ನು ಇಳಿಸಿದ ದಿನ

ಕಾರು ರಿಪೇರಿಯಾದಾಗಲೆಲ್ಲ ಅದರಲ್ಲಿ ಮೊದಲು ಅಜ್ಜಿಯೇ ಏಕೆ ಕೂರಬೇಕು ಎಂದು ಮೊಮ್ಮಕ್ಕಳಾದ ನೀವು ನನ್ನನ್ನು ಕೇಳಿದ್ದಿರಿ. ಎದುರಿಗೆ ಹೇಳಲು ನಾಚಿಕೆ, ಬರೆದಿಡುತ್ತೇನೆ.

ಹೋದ ವರ್ಷ ಇಲಿ ವೈರು ಕಡಿದು ಕಾರು ಚಳ್ಳಕೆರೆಯ ಶೆಡ್ ಸೇರಿತ್ತು. ಏರ್‌ಬ್ಯಾಗ್ ಎಂದರೆ, ಕಾರು ಗುದ್ದಿದಾಗ ಸ್ಟೇರಿಂಗಿನಿಂದಲೂ ಡ್ಯಾಶ್‌ಬೋರ್ಡಿನಿಂದಲೂ ಉಬ್ಬಿ ಬಂದು ನಮ್ಮನ್ನು ಕಾಯುವ ಚೀಲ. ರಿಪೇರಿಗೆಂದು ಬಿಡಿಸಿದ್ದ ಅದರ ವೈರುಗಳನ್ನು ಆ ದಿನ ಮತ್ತೆ ಜೋಡಿಸಬೇಕಿತ್ತು.

ನಮ್ಮ ಮೊಳಕಾಲ್ಮೂರಿನ ಮನೆಯಲ್ಲಿ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಏರಿಸಿದಾಗ ಹಿರಿಯ ಹೆಂಗಸು ಕೂತು ಮೊದಲ ಲಾಳಿ ಎಸೆಯುತ್ತಾಳೆ. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅದನ್ನು ಬಿಟ್ಟಿದ್ದೆ. ಯಾರೂ ಬೇಡ ಎನ್ನಲಿಲ್ಲ, ಕರೆಯಲೂ ಇಲ್ಲ. ಆ ದಿನ ಶೆಡ್ಡಿನಲ್ಲಿ ಮಾತ್ರ ನಿಮ್ಮ ಅವ್ವ ಹಟ ಹಿಡಿದು, ಮೊದಲು ಕೀ ತಿರುಗಿಸುವಾಗ ನೀನೇ ಇರಬೇಕು ಎಂದು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ. "ಅಮ್ಮಾ, ಇಳೀರಿ. ಈಗ ನೀವು ಕೂರಂಗಿಲ್ಲ."

ಇಳಿದೆ. ನನ್ನಂಥವಳು ಕೂರಬಾರದೆಂದು ಇವನಿಗೂ ಗೊತ್ತು ನೋಡು ಎಂದು ಮಗಳಿಗೆ ಮೆಲ್ಲಗೆ ನಮ್ಮ ಮನೆಮಾತು ತೆಲುಗಿನಲ್ಲಿ ಹೇಳಿದೆ. ಆತನಿಗೆ ತೆಲುಗು ಬಾರದು ಎಂದುಕೊಂಡಿದ್ದೆ. ಆತ ಒಮ್ಮೆ ನನ್ನ ಮುಖ ನೋಡಿ ಕೆಲಸಕ್ಕೆ ಬಾಗಿದ.

ಬ್ಯಾಟರಿಯ ವೈರು ಮೊದಲೇ ಬಿಚ್ಚಿಟ್ಟಿದ್ದ. ಹಳದಿ ಬಣ್ಣದ ಕನೆಕ್ಟರುಗಳನ್ನು ಜೋಡಿಸಿ, ಎಲ್ಲರನ್ನೂ ದೂರ ನಿಲ್ಲಿಸಿ ಬ್ಯಾಟರಿಯ ವೈರು ಸೇರಿಸಿದ. ತಾನೂ ಹೊರಗೇ ನಿಂತು, ಪಕ್ಕದಿಂದ ಕೈ ಚಾಚಿ ಕೀ ತಿರುಗಿಸಿದ. ಏರ್‌ಬ್ಯಾಗಿನ ಕೆಂಪು ದೀಪ ಹೊತ್ತಿತು; ಎಲ್ಲ ಸರಿಯಿದ್ದರೆ ತಾನೇ ಆರಬೇಕಿತ್ತಂತೆ, ಆರಲಿಲ್ಲ.

ನಿಮ್ಮ ಅವ್ವನಿಗೆ ರಾಂಪುರದಲ್ಲಿ ಕೆಲಸವಿತ್ತು. ದೀಪ ತಾನೆ, ಇರಲಿ ಎಂದಳು.

"ಇದು ಆರದೆ ಗಾಡಿ ಕೊಡಾಕಾಗಲ್ಲಕ್ಕ," ಎಂದ.

ಮತ್ತೆ ಕೀ ತೆಗೆದು, ಬ್ಯಾಟರಿ ಬಿಚ್ಚಿ, ಗಡಿಯಾರ ನೋಡುತ್ತಾ ಕಾದ. ವೈರು ಬಿಚ್ಚಿದರೂ ಒಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದಂತೆ. ಮಗಳು ಚಡಪಡಿಸಿದರೂ ಆತ ಅಲುಗಲಿಲ್ಲ. ಆಮೇಲೆ ಒಂದೊಂದೇ ಕನೆಕ್ಟರನ್ನು ಬೆರಳಿನಿಂದ ತಡವುತ್ತಾ ಹೋದ. ಹಾಸಿನಲ್ಲಿ ಹರಿದ ಒಂದೇ ಎಳೆಯನ್ನು ನಿಮ್ಮ ತಾತ ಹಾಗೆಯೇ ಹುಡುಕುತ್ತಿದ್ದರು. ಸ್ಟೇರಿಂಗಿನ ಕೆಳಗೆ ಒಂದು ಪೂರ್ತಿ ಕಚ್ಚಿಕೊಂಡಿರಲಿಲ್ಲ. ಒತ್ತಿದ, ಟಕ್ಕೆಂದಿತು. ಮತ್ತೆ ಬ್ಯಾಟರಿಯ ವೈರು ಸೇರಿಸಿ, ಹೊರಗಿನಿಂದಲೇ ಕೀ ತಿರುಗಿಸಿ, ಪುಟ್ಟ ಯಂತ್ರ ಹಚ್ಚಿ ಕಾರಿನಲ್ಲಿ ದಾಖಲಾಗಿದ್ದ ಹಳೆಯ ದೋಷ ಅಳಿಸಿದ. ಇನ್ನೊಮ್ಮೆ ಕೀ ತಿರುಗಿಸಿದಾಗ ದೀಪ ಹೊತ್ತಿ, ನಾಲ್ಕಾರು ಉಸಿರಿನಲ್ಲಿ ಆರಿತು.

ಆಗ ಮುಂದಿನ ಬಾಗಿಲು ತೆಗೆದು ಹಿಡಿದ. "ನಾನೂ ಒಳಗೆ ಕೂರಲಿಲ್ಲ, ನೋಡಿದ್ರಲ್ಲಮ್ಮ. ಜೋಡಿಸುವಾಗ ಚೀಲ ಸಿಡಿದ್ರೆ ಎದುರಿಗೆ ಯಾರೂ ಇರಬಾರ್ದು." ಆಮೇಲೆ ಅಚ್ಚ ತೆಲುಗಿನಲ್ಲಿ, "ಇಪ್ಪುಡು ಮುಂದು ಮೀರೇ ಕೂರ್ಚೋಂಡಿ," ಈಗ ಮೊದಲು ನೀವೇ ಕೂರಿ, ಎಂದ.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದರೂ ಕೂತೆ. ಅಂದಿನಿಂದ ಅದೇ ರೂಢಿಯಾಯಿತು.

ಆ ತಿಂಗಳು ಮಗ್ಗಕ್ಕೆ ಹೊಸ ಹಾಸು ಏರಿದಾಗ ಯಾರಾದರೂ ಕರೆಯಲೆಂದು ನಾನು ಕಾಯಲಿಲ್ಲ. ನಾನೇ ಹೋಗಿ ಕೂತು ಲಾಳಿ ಎಸೆದೆ.