ಟೂಟಿಂಗ್‌ನ ಕಿಟಕಿಯಲ್ಲಿ ಒಂದು ಬಾವುಟ

ಲಂಡನ್ನಿನ ಟೂಟಿಂಗ್‌ನಲ್ಲಿ ದೋಸೆ ತಿನ್ನಲು ಹೊಕ್ಕಾಗ ಹೋಟೆಲಿನ ಕಿಟಕಿಯಲ್ಲಿ ಕೆಂಪು ಶಿಲುಬೆಯ ಇಂಗ್ಲೆಂಡ್ ಬಾವುಟ ಕಂಡು ಬೆಚ್ಚಿದೆ. ಮೊನ್ನೆ ಅದಿರಲಿಲ್ಲ. ಇದೇ ಬಾವುಟ ಹಿಡಿದು ವಲಸಿಗರ ವಿರುದ್ಧ ಇವತ್ತು ಮೆರವಣಿಗೆಯಂತೆ.

"ಶಿಲುಬೆ ನಮ್ಮದೇ. ಆದ್ರೆ ಇದು ಹೆದರಿಕೆಗೆ ಕಟ್ಟಿದ್ದು ಮಾರಾಯ್ರೆ" ಎಂದರು ಯಜಮಾನ ಲಾರೆನ್ಸ್, ಉಡುಪಿ ಕಡೆಯ ಕ್ರೈಸ್ತರು. "ಪಕ್ಕದ ತರಕಾರಿ ಅಂಗಡಿಯವರು ಕಟ್ಟುದಿಲ್ಲ ಅಂದ್ರು. ಎಂತ ಮಾಡುದು?"

ಆಚೆ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ವಯಸ್ಸಾದ ಹೆಂಗಸು ಫ್ರಾನ್ಸಿನವರು, ಇತಿಹಾಸದ ಟೀಚರಾಗಿದ್ದವರು. ಬಾವುಟ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದರು: "ನಮ್ಮೂರಿನ ಹಳೇ ಅಂಗಡಿಯವರು ರಾಜನ ಬಿಳಿ ಬಾವುಟ, ಕ್ರಾಂತಿಯ ಮೂರು ಬಣ್ಣದ್ದು, ಎರಡನ್ನೂ ಮಡಚಿ ಇಟ್ಟುಕೊಂಡಿರುತ್ತಿದ್ದರಂತೆ."

ಕ್ರಾಂತಿಯಾದ ಮೇಲೂ ಅಲ್ಲಿ ರಾಜ, ಚಕ್ರವರ್ತಿ, ಗಣರಾಜ್ಯ ಎಂದು ಆಳ್ವಿಕೆಗಳು ಒಂದಾದ ಮೇಲೊಂದು ಯಾಕೆ ಉರುಳಿದವು ಎಂದು ಕೇಳಿದೆ.

"ಗೆದ್ದವರಿಗೆ ಸೋತವರ ಭಯ. ಸೋತವರು ಮತ್ತೆ ನ್ಯಾಯವಾಗಿ ಅಧಿಕಾರಕ್ಕೆ ಬರುವ ದಾರಿಯನ್ನೇ ಗೆದ್ದವರು ಮುಚ್ಚುತ್ತಿದ್ದರು. ಸೋತವರು ಬೀದಿಗಿಳಿಯುತ್ತಿದ್ದರು, ಇಲ್ಲವೇ ಸೇನೆಯನ್ನು ಕರೆತರುತ್ತಿದ್ದರು. ಉಳಿದವರು ಹೆದರಿ ಬಾವುಟ ಬದಲಿಸುತ್ತಿದ್ದರು. ಬೀಳುವ ಆಳ್ವಿಕೆಯನ್ನು ಹಿಡಿಯಲು ಯಾರೂ ಏಳುತ್ತಿರಲಿಲ್ಲ."

ಹೊರಗೆ ಕೂಗಾಟ ಹತ್ತಿರವಾಯಿತು. ಒಂದು ಗುಂಪು ಕಿಟಕಿಯ ಮುಂದೆ ನಿಂತಿತು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಒಬ್ಬ ಬಾವುಟ ನೋಡಿ, ಹೆಬ್ಬೆರಳೆತ್ತಿ ನಕ್ಕ. ಮುಂದೆ ಹೋದರು. ಲಾರೆನ್ಸ್ ಉಸಿರು ಬಿಟ್ಟರು.

ಅಷ್ಟರಲ್ಲಿ ಪಕ್ಕದಲ್ಲಿ ಗಾಜು ಒಡೆದ ಸದ್ದು. ತರಕಾರಿ ಅಂಗಡಿಯವರು ಯಾರಾದರೂ ಬನ್ನಿ ಎಂದು ಕೂಗುತ್ತಿದ್ದರು.

ನಾವು ಮೂವರೂ ಬಾವುಟದ ಹಿಂದೆ ಕೂತೇ ಇದ್ದೆವು.